ಎಚ್ಚರಿಕೆ ಬೇರೆ, ದೂಷಣೆ ಬೇರೆ

ಕತ್ತಲಾದ ಮೇಲೆ ಹೊಲದ ದಾರಿಯಲ್ಲಿ ಒಬ್ಬಳೇ ಹೋಗಬಾರದು, ಕೈಯಲ್ಲಿ ಬ್ಯಾಟರಿ ಇರಬೇಕು ಎಂದು ಮಗಳಿಗೆ ಹೇಳುವುದು ಹೆತ್ತವರ ಕರ್ತವ್ಯ. ಆದರೆ ಕೇಡು ಸಂಭವಿಸಿದ ಮೇಲೆ ಅದೇ ಮಾತನ್ನಾಡಿದರೆ ಅದು ಬುದ್ಧಿವಾದವಲ್ಲ, ದೂಷಣೆ. ಬೀಗ ಹಾಕಲು ಮರೆತ ಮನೆಯಲ್ಲಿ ಕಳವಾದರೂ ಅಪರಾಧಿ ಕಳ್ಳನೇ ಹೊರತು ಮನೆಯೊಡೆಯನಲ್ಲ. ಅತ್ಯಾಚಾರದ ಹೊಣೆಯೂ ಅದನ್ನು ಎಸಗಿದವನದೇ. ಬಹುಪಾಲು ಪ್ರಕರಣಗಳಲ್ಲಿ ಅವನು ಪರಿಚಿತನೇ ಆಗಿರುವುದರಿಂದ ಕತ್ತಲಿನ ಎಚ್ಚರಿಕೆಯೊಂದೇ ಸಾಲದು.

ದೂಷಣೆಯಿಂದಾಗುವ ಹಾನಿ ಏನು? ಮನೆಯವರು ಬೈಯುವರೆಂಬ ಅಂಜಿಕೆಯಿಂದ ನೊಂದವಳು ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಚಿಕಿತ್ಸೆಯ ಕಾಲ ಮೀರುತ್ತದೆ. ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಗರ್ಭಧಾರಣೆಯನ್ನು ತಡೆಯುವ ತುರ್ತು ಮಾತ್ರೆಯೂ ಬೇಗ ಸೇವಿಸಿದಷ್ಟೂ ಫಲಕಾರಿ. ಮೈ ತೊಳೆದರೆ, ಬಟ್ಟೆ ಒಗೆದರೆ ಸಾಕ್ಷ್ಯ ಅಳಿಯಬಹುದು. ಆದರೂ ಹಾಗೆ ಮಾಡಿದವಳನ್ನು ಹಳಿಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಾನೂನೂ ಇದನ್ನೇ ಒಪ್ಪಿದೆ. ನೊಂದವಳ ನಡತೆ ಕೆಟ್ಟದೆಂದು ತೋರಿಸಿ ಆಕೆಯ ಸಾಕ್ಷ್ಯವನ್ನು ಅಲ್ಲಗಳೆಯಲು ಸಾಕ್ಷ್ಯ ಅಧಿನಿಯಮದಲ್ಲಿದ್ದ ಅವಕಾಶವನ್ನು 2003ರಲ್ಲಿ ತೆಗೆದುಹಾಕಲಾಯಿತು. 2013ರ ತಿದ್ದುಪಡಿಯಿಂದೀಚೆಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆಲ್ಲವೂ ಆಕೆಗೆ ಒಡನೆಯೇ ಉಚಿತ ಚಿಕಿತ್ಸೆ ನೀಡತಕ್ಕದ್ದು.

ದಂಪತಿಗಳು ನೆನಪಿಡಬೇಕಾದ ಅಂಶಗಳು:

1. ಎಚ್ಚರಿಕೆಯ ಮಾತನ್ನು ಮುಂಚಿತವಾಗಿ, ಪ್ರೀತಿಯಿಂದ ಹೇಳಿರಿ. ಏನಾದರೂ ಆದರೆ ನಮಗೆ ಹೇಳು, ಬೈಯುವುದಿಲ್ಲ ಎಂಬ ಮಾತನ್ನೂ ಜೊತೆಗೆ ಸೇರಿಸಿರಿ.

2. ಕೇಡಾದ ಮೇಲೆ "ಏಕೆ ಹೋದೆ?" ಎಂದು ಕೇಳದಿರಿ. "ತಪ್ಪು ನಿನ್ನದಲ್ಲ, ಆಸ್ಪತ್ರೆಗೆ ಹೋಗೋಣ" ಎನ್ನಿರಿ.

3. ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಿರಿ.

4. ಮಗಳಿಗೆ ಜಾಗರೂಕತೆಯನ್ನು ಕಲಿಸುವ ಮನೆಯಲ್ಲಿ ಮಗನಿಗೂ ಹೆಣ್ಣನ್ನು ಗೌರವಿಸುವ ಪಾಠ ನಡೆಯಲಿ.