ಹಿತ್ತಲು ತೋಟದಲ್ಲಿ ಹಳೆಯ ಸೇಬಿನ ಜಾತಿಯನ್ನು ಬೆಳೆಸುವ ಕ್ರಮ

ಸೇಬು ಚಳಿದೇಶದ ಮರವೆಂದೂ, ನಮ್ಮ ಬಯಲುಸೀಮೆಯಲ್ಲಿ ಅದನ್ನು ನೆಡುವುದು ಹಣವನ್ನು ಮಣ್ಣುಪಾಲು ಮಾಡಿದಂತೆಯೇ ಸರಿಯೆಂದೂ ಜಮೀನುದಾರರಲ್ಲಿ ಅನೇಕರು ನಂಬಿರುತ್ತಾರೆ. ಈ ನಂಬಿಕೆಯು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1874ರಿಂದ 1908ರ ವರೆಗೆ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ಯಾಮರನ್ ಎಂಬುವರ ಪ್ರಯತ್ನದಿಂದ ಸೇಬು ಬೆಂಗಳೂರಿಗೆ ಬಂದು, ಸುತ್ತಣ ತೋಟಗಳಲ್ಲಿ ಫಲ ಕೊಟ್ಟಿತು. ಹೆಸರು ಮಾಡಿದ ಜಾತಿಯು ರೋಮ್ ಬ್ಯೂಟಿ. ಬಳಿಕ ಉಣ್ಣೆ ಹೇನಿನ ಬಾಧೆಯಿಂದಲೂ, ಪಟ್ಟಣವು ಬೆಳೆದು ತೋಟಗಳು ನಿವೇಶನಗಳಾದುದರಿಂದಲೂ ಈ ಸಾಗುವಳಿಯು ಕ್ಷೀಣಿಸಿತು.

ಈ ಜಾತಿಯ ಹುಟ್ಟು ವಿಚಿತ್ರವಾದುದು. 1817ರಲ್ಲಿ ಅಮೆರಿಕದ ಓಹೈಯೊ ಪ್ರಾಂತ್ಯದ ಜೋಯಲ್ ಗಿಲೆಟ್ ಎಂಬ ರೈತನು ತರಿಸಿದ ಸಸಿಗಳಲ್ಲಿ ಒಂದು, ಕಸಿಯ ಕೆಳಗಿನ ಬೇರುಗಿಡದಿಂದ ಚಿಗುರಿದ್ದಿತು. ಇದು ಪ್ರಯೋಜನವಿಲ್ಲದ್ದೆಂದು ಅವನು ಮಗನಿಗೆ ಕೊಡಲು, ಮಗನು ಅದನ್ನು ನದಿಯ ದಡದಲ್ಲಿ ನೆಟ್ಟನು. ಅದೇ ರೋಮ್ ಬ್ಯೂಟಿಯ ಮೂಲವೃಕ್ಷವು. ಇದನ್ನು ಕೇಳಿ ಯಾರೂ ತಮ್ಮ ಗಿಡದ ಬುಡದಲ್ಲಿ ಬರುವ ಚಿಗುರುಗಳನ್ನು ಉಳಿಸಿಕೊಂಡು ಕಾಯಕೂಡದು. ಅಂತಹ ಅದೃಷ್ಟವು ಲಕ್ಷಕ್ಕೊಂದು. ಉಳಿದವೆಲ್ಲವೂ ಗಿಡದ ಸಾರವನ್ನು ಹೀರುವ ಕಳ್ಳಚಿಗುರುಗಳೇ.

ಸೇಬಿನ ಮೊಗ್ಗುಗಳು ಗಾಢನಿದ್ರೆಗೆ ಹೋದ ಮೇಲೆ, 7 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಚಳಿಯು ನೂರಾರು ಗಂಟೆಗಳ ಕಾಲ ತಗುಲದ ಹೊರತು ಸರಿಯಾಗಿ ಬಿರಿಯುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಹಾಗಾದರೆ ಇಲ್ಲಿ ಮರವು ಹೂ ಬಿಡುವುದೆಂತು ಎಂದು ಕೇಳಬಹುದು. ಮೊಗ್ಗು ನಿದ್ರಿಸುವುದಕ್ಕೆ ಮುಂಚೆಯೇ ಎಬ್ಬಿಸುವುದೇ ಉಪಾಯವು. ಜಾವಾ ದ್ವೀಪದ ಬಾಟು ಎಂಬ ಸೀಮೆಯ ರೈತರು ಇದೇ ರೋಮ್ ಬ್ಯೂಟಿ ಮರಗಳ ಎಲೆಗಳನ್ನು ಕೊಯ್ಲಾದ ಕೆಲವು ವಾರಗಳಲ್ಲಿ ಕೈಯಿಂದ ಉದುರಿಸಿ, ಕೊಂಬೆಗಳನ್ನು ನೆಲಕ್ಕೆ ಸಮನಾಗಿ ಬಾಗಿಸಿ ಕಟ್ಟಿ, ವರ್ಷಕ್ಕೆ ಎರಡು ಫಸಲು ತೆಗೆಯುತ್ತಾರೆ. ಚಳಿಯ ಕೆಲಸವನ್ನು ಕೈ ಮಾಡುತ್ತದೆ.

ನಮ್ಮಲ್ಲಿ ವರ್ಷಕ್ಕೆ ಒಂದೇ ಫಸಲಿಗೆ ಆಶಿಸುವುದು ಲೇಸು. ಮಳೆಗಾಲವು ಮುಗಿದ ಬಳಿಕ ನೀರನ್ನು ತಗ್ಗಿಸಿ, ಡಿಸೆಂಬರ್ ತಿಂಗಳಲ್ಲಿ, ಎಲೆಗಳು ತಾವಾಗಿ ಒಣಗುವುದಕ್ಕೆ ಮೊದಲು, ತೊಟ್ಟಿನ ಬುಡದ ಮೊಗ್ಗಿಗೆ ಗಾಯವಾಗದಂತೆ ಒಂದೊಂದೇ ಎಲೆಯನ್ನು ಕೀಳತಕ್ಕದ್ದು. ಆತುರದಿಂದ ಕೊಂಬೆಯನ್ನು ಸವರಿ ಎಳೆದರೆ ಎಲೆಯೊಡನೆ ಮುಂದಿನ ಫಲವೂ ಕೈಗೆ ಬರುತ್ತದೆ. ಕೂಲಿಯಾಳಿಗೆ ಇದನ್ನು ಹೇಳಿದರೆ ಸಾಲದು, ಎದುರಿಗೆ ನಿಂತು ತೋರಿಸಬೇಕು. ಅನಂತರ ಕೊಟ್ಟಿಗೆ ಗೊಬ್ಬರವನ್ನು ಹಾಕಿ ನೀರು ಕಟ್ಟಿದರೆ ಸುಮಾರು ಒಂದು ತಿಂಗಳಲ್ಲಿ ಹೂ ಕಾಣುವುದು.

ಬೀಜದಿಂದ ಎದ್ದ ಸೇಬು ತಾಯಿಯ ಗುಣವನ್ನು ಹೋಲುವುದಿಲ್ಲವಾದುದರಿಂದ ಹಳೆಯ ಜಾತಿಯನ್ನು ಕಸಿಯಿಂದಲೇ ಉಳಿಸಿಕೊಳ್ಳಬೇಕು. ಎಲೆ ಕಿತ್ತ ಕಾಲದಲ್ಲಿಯೇ, ಹಿಂದಿನ ವರ್ಷ ಬೆಳೆದ ಸೀಸದಕಡ್ಡಿಯ ದಪ್ಪದ ಕಡ್ಡಿಯನ್ನು ಎರಡು ಮೂರು ಕಣ್ಣುಗಳಿರುವಂತೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತರತಕ್ಕದ್ದು. ಕಡ್ಡಿಗೂ ಬೇರುಗಿಡಕ್ಕೂ ಒಂದೂವರೆ ಅಂಗುಲದ ಓರೆಗಚ್ಚು ಕೊಟ್ಟು, ತೊಗಟೆಯ ಕೆಳಗಿನ ಹಸಿರು ಪೊರೆಯು ಒಂದು ಪಕ್ಕದಲ್ಲಾದರೂ ಕೂಡುವಂತೆ ಸೇರಿಸಿ, ಬಿಗಿಯಾಗಿ ಕಟ್ಟಿ, ಜೇನುಮೇಣವನ್ನು ಮೆತ್ತಬೇಕು. ಹತ್ತರಲ್ಲಿ ಆರು ಹಿಡಿದರೆ ಹೊಸಬರಿಗೆ ಅದು ಒಳ್ಳೆಯ ಕೆಲಸವೇ.

ಬೇರುಗಿಡದ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ಉಣ್ಣೆ ಹೇನು ತೊಗಟೆಯ ಬಿರುಕುಗಳಲ್ಲಿ ಹತ್ತಿಯಂತೆ ಬೆಳ್ಳಗೆ ಕಾಣುವುದಲ್ಲದೆ ಬೇರಿಗೂ ಇಳಿದು ಗಂಟುಗಳನ್ನುಂಟುಮಾಡುತ್ತದೆ. ಕೊಂಬೆಯ ಮೇಲಿನದನ್ನು ಸಾಬೂನಿನ ನೀರಿನಲ್ಲಿ ಅದ್ದಿದ ಕುಂಚದಿಂದ ಉಜ್ಜಬಹುದು; ಬೇರಿನದಕ್ಕೆ ಕೈ ನಿಲುಕದು. ನಾರ್ದರ್ನ್ ಸ್ಪೈ ಎಂಬ ಹಳೆಯ ಸೇಬಿಗೆ ಈ ಹೇನು ಹತ್ತುವುದು ಬಹಳ ಕಡಿಮೆ. ಅದರ ವಂಶದಿಂದ ಇಂಗ್ಲೆಂಡಿನಲ್ಲಿ ಸಿದ್ಧವಾದ ಎಂ.ಎಂ. 106 ಮತ್ತು ಎಂ.ಎಂ. 111 ಎಂಬ ಬೇರುಗಿಡಗಳನ್ನೇ ಕೇಳಿ ಪಡೆಯಿರಿ. ನೆಡುವಾಗ ಕಸಿಯ ಗಂಟು ನೆಲಕ್ಕಿಂತ ಆರು ಅಂಗುಲ ಮೇಲಿರಲಿ. ಗಂಟು ಹೂತುಹೋದರೆ ಮೇಲಿನ ಕಡ್ಡಿಯೇ ಬೇರು ಬಿಟ್ಟು, ಕೊಟ್ಟ ಹಣ ವ್ಯರ್ಥವಾಗುವುದು. ಹೇನುಗಳು ಕಪ್ಪಾಗಿ ಉಬ್ಬಿ ಸತ್ತು, ಮೈಮೇಲೆ ಸಣ್ಣ ತೂತು ಕಂಡರೆ ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ಅದು ಹೇನಿನ ಹೊಟ್ಟೆಯಲ್ಲಿ ಬೆಳೆಯುವ ಅಫೆಲಿನಸ್ ಎಂಬ ಚಿಕ್ಕ ಕಣಜದ ಕೆಲಸ.

ಗುಂಡಿಯು ಮೂರಡಿ ಚದರ, ಮೂರಡಿ ಆಳ. ಸಾಲು ಹದಿನೈದು ಅಡಿ. ನೀರು ನಿಲ್ಲದ ಕೆಮ್ಮಣ್ಣು ಉತ್ತಮ. ಕಪ್ಪು ಎರೆಯಲ್ಲಿ ನೆಡಬೇಡಿ.

ಎಕರೆಗಟ್ಟಲೆ ರಾಗಿ ಹೊಲವನ್ನು ಕಿತ್ತು ಸೇಬು ಹಾಕಬೇಕೆಂದು ನಾವು ಹೇಳುವುದಿಲ್ಲ. ಸಂತೆಯಲ್ಲಿ ಕಾಶ್ಮೀರದ ಹಣ್ಣಿನೊಡನೆ ಸ್ಪರ್ಧಿಸುವುದು ಸುಲಭವಲ್ಲ. ಹಣ್ಣೇ ಮುಖ್ಯವೆಂಬುವರು, ಇಸ್ರೇಲಿನಲ್ಲಿ ಸಿದ್ಧವಾದ ಅನ್ನಾ ಜಾತಿಯನ್ನು, ಅದರೊಡನೆ ಹೂ ಬಿಡುವ ಡಾರ್ಸೆಟ್ ಗೋಲ್ಡನ್ನಿನ ಜೊತೆಯಲ್ಲಿ ನೆಡಬಹುದು. ಇವಕ್ಕೆ ಅಲ್ಪ ಚಳಿ ಸಾಕು. ರೋಮ್ ಬ್ಯೂಟಿಯಾದರೋ ದಪ್ಪ ಸಿಪ್ಪೆಯದು, ಬೇಯಿಸಿದರೆ ಆಕಾರ ಕೆಡದು, ಬಹುದಿನ ಇಟ್ಟರೂ ತಾಳುವುದು. ಬಾವಿಯ ಬಳಿ ಇದರ ಎರಡು ಮೂರು ಮರಗಳಿದ್ದರೆ ಮನೆಗೆ ಸಾಕು. ನಿಮ್ಮ ಗ್ರಾಮದಲ್ಲಾಗಲಿ ನೆಂಟರ ಹಿತ್ತಲಲ್ಲಾಗಲಿ ಹಳೆಯ ಸೇಬಿನ ಮರವು ಇನ್ನೂ ನಿಂತಿದ್ದರೆ, ಯಜಮಾನರು ಬರುವ ಡಿಸೆಂಬರಿನೊಳಗೆ ಅದರ ಒಡೆಯನನ್ನು ಕಂಡು, ಕಡ್ಡಿಗಳಿಗೆ ಮುಂಚಿತವಾಗಿ ಹೇಳಿಟ್ಟು, ಬೇರುಗಿಡಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು.