ಡಿಎಪಿ ಹಳ್ಳ ಸೇರದಿರಲಿ

ಮೆಕ್ಕೆಜೋಳ ಬಿತ್ತಿದ ಹೊಲದಲ್ಲಿ ಸಂಜೆ ಜೋರು ಮಳೆ ಬಿದ್ದಿದ್ದರೆ, ಮರುದಿನ ನೀರು ಬದು ದಾಟಿ ಹೋದ ಮೂಲೆಯಲ್ಲಿ ಒಮ್ಮೆ ಕೂತು ನೋಡಿ. ಅಲ್ಲಿ ನಿಂತ ಕೆಸರನ್ನು ಬೆರಳಲ್ಲಿ ತಿಕ್ಕಿದರೆ ಬೆಣ್ಣೆಯಂತೆ ನುಣ್ಣಗಿರುತ್ತದೆ. ಗರಸು, ಮರಳು ಹೊಲದಲ್ಲೇ ಉಳಿದಿರುತ್ತವೆ. ಹೊರಟದ್ದು ಜಿಗುಟು ಮಣ್ಣು. ನೀವು ಹಾಕಿದ ರಂಜಕ ಅಂಟಿಕೊಳ್ಳುವುದೂ ಇದೇ ಜಿಗುಟಿಗೆ. ಹಾಗಾಗಿ ಕೊಚ್ಚಿಹೋದ ಒಂದು ಬುಟ್ಟಿ ಮಣ್ಣಿನಲ್ಲಿ, ಹೊಲದಲ್ಲಿ ಉಳಿದ ಒಂದು ಬುಟ್ಟಿ ಮಣ್ಣಿಗಿಂತ ಹೆಚ್ಚು ರಂಜಕ ಇರುತ್ತದೆ.

ಕೂಡ್ಲಿಗಿ, ಕೊಟ್ಟೂರಿನ ಮಸಾರಿಯಲ್ಲಿ ರಂಜಕವನ್ನು ಹಿಡಿದಿಡುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಎರೆ ಹೊಲಗಳಲ್ಲಿ ಆ ಕೆಲಸ ಸುಣ್ಣದ್ದು. ಹಾಕಿದ ವರ್ಷ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಐದರಲ್ಲಿ ಒಂದು ಪಾಲು. ಮಿಕ್ಕದ್ದು ಮಣ್ಣಲ್ಲೇ ಕೂಡುತ್ತ ಹೋಗುತ್ತದೆ. ಮಣ್ಣು ಹೊಲದಲ್ಲಿದ್ದರೆ ಅದು ನಿಮ್ಮ ಗಂಟು, ಹರಿದುಹೋದರೆ ಹಳ್ಳದ ಪಾಲು.

ಆ ಹಳ್ಳ ಎಲ್ಲಿಗೆ ಹೋಗುತ್ತದೆ ಎಂಬುದೂ ನಮಗೆ ಮುಖ್ಯ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಬಹುಪಾಲು ನೀರು ಕೆರೆಗಳನ್ನು ಹಾಯ್ದು ಕೊನೆಗೆ ಸೇರುವುದು ತುಂಗಭದ್ರೆಯನ್ನೇ. 1953ರಲ್ಲಿ ನೀರು ನಿಲ್ಲಿಸತೊಡಗಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಇಂದು ಸುಮಾರು 105 ಟಿಎಂಸಿ ಮಾತ್ರ ಹಿಡಿಯುತ್ತದೆ. ಉಳಿದ ಜಾಗದಲ್ಲಿ ಹೂಳು ಕೂತಿದೆ. ಇತ್ತೀಚಿನ ವರ್ಷಗಳಲ್ಲಿ ಜಲಾಶಯದ ನೀರು ಪಾಚಿಯಿಂದ ಹಸಿರಾಗಿದ್ದನ್ನು ದಂಡೆಯ ಊರಿನವರು ಕಂಡಿದ್ದಾರೆ. ಇದಕ್ಕೆ ಹೊಲವೊಂದೇ ಕಾರಣವಲ್ಲ. ಊರು, ಪಟ್ಟಣಗಳ ಚರಂಡಿಯ ಪಾಲೂ ಇದೆ. ಆದರೆ ನಮ್ಮ ಪಾಲನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ, ಅದರಿಂದ ಲಾಭವೂ ನಮಗೇ.

ಲೆಕ್ಕ ಹಾಕಿ ನೋಡಿ. ಕೆರೆಯ ಒಂದು ಲೀಟರ್ ನೀರಿನಲ್ಲಿ ರಂಜಕ 0.035 ಮಿಲಿಗ್ರಾಂ ದಾಟಿದರೆ ಪಾಚಿ ಸೊಕ್ಕಿ ಬೆಳೆಯಲು ಅಷ್ಟೇ ಸಾಕು. 50 ಕೆ.ಜಿ. ಡಿಎಪಿ ಚೀಲದಲ್ಲಿ ಅಪ್ಪಟ ರಂಜಕ ಸುಮಾರು 10 ಕೆ.ಜಿ. ಇರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು, ಅಂದರೆ 100 ಗ್ರಾಂ ಹರಿದುಹೋದರೂ 28 ಲಕ್ಷ ಲೀಟರ್ ನೀರು ಆ ಮಟ್ಟ ಮುಟ್ಟುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ, ಬೆಳಗಿನ ಜಾವ ಮೀನು ತೇಲುತ್ತವೆ. ಕೆಲವು ಜಾತಿಯ ನೀಲಿ-ಹಸಿರು ಪಾಚಿ ದನಕರುಗಳಿಗೆ ವಿಷ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಂಥ ಕೆರೆಯ ಮೇಲ್ಭಾಗದಲ್ಲಿ ಹೊಲ ಇರುವವರ ಮೇಲೆ ಇನ್ನಷ್ಟು ಹೊಣೆ ಇದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಆಗುವುದು ಗೊಬ್ಬರವನ್ನು ಮೇಲೆ ಚೆಲ್ಲಿದಾಗ. ಎಡೆ ಹೊಡೆಯುವ ಹೊತ್ತಿಗೆ ಯೂರಿಯಾ ಜೊತೆ ಡಿಎಪಿಯನ್ನೂ ಬೆರೆಸಿ ಎರಚುವವರಿದ್ದಾರೆ. ಯೂರಿಯಾ ನೀರಿನ ಜೊತೆ ಬೇರಿಗೆ ಇಳಿಯುತ್ತದೆ, ರಂಜಕ ಇಳಿಯುವುದಿಲ್ಲ. ಬಿದ್ದಲ್ಲೇ, ಮೇಲಿನ ಒಂದು ಇಂಚಿನಲ್ಲೇ ಕೂರುತ್ತದೆ. ಮೂರು ನಾಲ್ಕು ದಿನದಲ್ಲಿ ದೊಡ್ಡ ಮಳೆ ಬಂದರೆ ಮಣ್ಣಿಗೆ ಅಂಟುವ ಮೊದಲೇ ಕರಗಿ ಹರಿಯುತ್ತದೆ. ಗೊಬ್ಬರದ ಕಾಳು ಚೆಲ್ಲಿ ಮಳೆಗೆ ಕಾಯುವ ಈ ಪದ್ಧತಿ ಬಿಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೂರ್ತಿ ರಂಜಕವನ್ನು ಬಿತ್ತುವಾಗಲೇ ಗೊಬ್ಬರದ ಕೂರಿಗೆಯಲ್ಲಿ, ಬೀಜದ ಪಕ್ಕಕ್ಕೆ ಎರಡು ಇಂಚು, ಬೀಜಕ್ಕಿಂತ ಎರಡು ಇಂಚು ಆಳಕ್ಕೆ ಬೀಳುವಂತೆ ಕೊಡಿ. ಮೇಲುಗೊಬ್ಬರಕ್ಕೆ ಯೂರಿಯಾ ಸಾಕು.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 50 ಕೆ.ಜಿ. ರಂಜಕ (ಅಪ್ಪಟ ರಂಜಕವಲ್ಲ, P2O5 ಲೆಕ್ಕದಲ್ಲಿ) ಶಿಫಾರಸು, ಅಂದರೆ ಎಕರೆಗೆ 20 ಕೆ.ಜಿ. ಅದೇ ಲೆಕ್ಕದಲ್ಲಿ ಒಂದು ಚೀಲ ಡಿಎಪಿಯಲ್ಲಿ 23 ಕೆ.ಜಿ. ಇದೆ. ಎರಡನೇ ಚೀಲಕ್ಕೆ ಕೊಡುವ ದುಡ್ಡು ವ್ಯರ್ಥ. ಶೇಂಗಾ ಬೆಳೆಯುವವರು ಒಂದು ಚೀಲ ಡಿಎಪಿ ಬದಲು ಮೂರು ಚೀಲ ಸೂಪರ್ ಫಾಸ್ಫೇಟ್, ಜೊತೆಗೆ 20 ಕೆ.ಜಿ. ಯೂರಿಯಾ ಕೊಡಬಹುದು. ರಂಜಕ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ, ಕಾಯಿ ಗಟ್ಟಿಯಾಗಲು ಬೇಕಾದ ಗಂಧಕ, ಸುಣ್ಣ ಹೆಚ್ಚಿಗೆ ಸಿಗುತ್ತದೆ.

ಗೊಬ್ಬರ ಮಣ್ಣೊಳಗೆ ಹೋದ ಮೇಲೆ ಮಣ್ಣನ್ನು ನಿಲ್ಲಿಸಬೇಕು. ಉಳುಮೆ, ಬಿತ್ತನೆ, ಎಡೆ ಎಲ್ಲವೂ ಇಳಿಜಾರಿಗೆ ಅಡ್ಡವಾಗಿರಲಿ. ಟ್ರ್ಯಾಕ್ಟರ್ ತಿರುಗಲು ಸಲೀಸು ಎಂದು ಇಳಿಜಾರಿನುದ್ದಕ್ಕೆ ಸಾಲು ಬಿಟ್ಟರೆ ಪ್ರತಿ ಸಾಲೂ ಒಂದು ಕಾಲುವೆಯಾಗುತ್ತದೆ. ಮಸಾರಿಯಲ್ಲಿ ಸಮಪಾತಳಿ ಬದು ನಡೆಯುತ್ತದೆ. ಆಳವಾದ ಎರೆಯಲ್ಲಿ ಅದೇ ಬದು ಹಾಕಿದರೆ ನೀರು ನಿಂತು ಬೆಳೆ ಕೊಳೆಯುತ್ತದೆ, ಬದುವೂ ಒಡೆಯುತ್ತದೆ. ಅಲ್ಲಿ ಸಣ್ಣ ಇಳಿಜಾರು ಕೊಟ್ಟ ಬದು, ಅದರ ತುದಿಗೆ ಹುಲ್ಲು ಹಾಸಿದ ನೀರಿನ ದಾರಿ ಬೇಕು. ಬಳ್ಳಾರಿಯಲ್ಲಿ 1954ರಿಂದ ಇರುವ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆ ಭೂಮಿಯ ಇಂಥ ಪ್ರಶ್ನೆಗಳ ಮೇಲೇ ಕೆಲಸ ಮಾಡಿದೆ. ಬದುವಿನ ಮೇಲೆ ಲಾವಂಚ ಅಥವಾ ಅಂಜನ ಹುಲ್ಲು ಹಚ್ಚಿದರೆ ನೀರು ನಿಧಾನವಾಗಿ ಜಿಗುಟು ಕೆಳಗೆ ಕೂರುತ್ತದೆ, ದನಗಳಿಗೆ ಮೇವೂ ಆಗುತ್ತದೆ. ಹಳ್ಳದ ದಂಡೆವರೆಗೂ ಉಳುವುದು ಬೇಡ. ನಾಲ್ಕೈದು ಮಾರು ಹುಲ್ಲಿಗೆ ಬಿಡಿ.

ಕೃಷಿ ಹೊಂಡ ಇರುವವರು ನೀರು ಒಳಬರುವ ಬಾಯಿಯಲ್ಲಿ ಹೂಳು ಗುಂಡಿ ತೋಡಿ. ಬೇಸಿಗೆಯಲ್ಲಿ ಅದರ ಮಣ್ಣನ್ನು ತೆಗೆದು ಹೊಲದ ಮೇಲ್ಭಾಗಕ್ಕೆ ಹರಡಿದರೆ ಹೋದ ರಂಜಕದಲ್ಲಿ ಒಂದಿಷ್ಟು ವಾಪಸ್ ಬಂದಂತೆ. ಕುರಿ ಮಂದೆ ಹಳ್ಳದ ಪಕ್ಕದಲ್ಲಿ ಕೂರಿಸಬೇಡಿ. ತಿಪ್ಪೆ ಗೊಬ್ಬರವನ್ನು ಗುಡ್ಡೆ ಹಾಕಿ ಮಳೆಗೆ ಬಿಡದೆ, ಹರಡಿದ ದಿನವೇ ಹರಗಿ ಮಣ್ಣಿಗೆ ಸೇರಿಸಿ.

ಇನ್ನು ಮಣ್ಣು ಪರೀಕ್ಷೆ. ಸುಗ್ಗಿ ಮುಗಿದ ಮೇಲೆ, ಗೊಬ್ಬರ ಹಾಕುವ ಮೊದಲು, ಎಂಟು ಹತ್ತು ಕಡೆ 6 ಇಂಚು ಆಳದ ಗುಂಡಿ ತೆಗೆದು ಅಂಚಿನಿಂದ ಮಣ್ಣು ಕೆರೆದುಕೊಳ್ಳಿ. ಬದು, ತಿಪ್ಪೆ, ಮರದ ಬುಡ ಬಿಟ್ಟುಬಿಡಿ. ಬೆರೆಸಿ ಅರ್ಧ ಕೆ.ಜಿ. ಉಳಿಸಿ ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಚೀಟಿಯಲ್ಲಿ ರಂಜಕ (P2O5 ಲೆಕ್ಕದಲ್ಲಿ) ಹೆಕ್ಟೇರಿಗೆ 23 ಕೆ.ಜಿ.ಗಿಂತ ಕಡಿಮೆ ಬಂದರೆ ಕೊರತೆ, 57 ದಾಟಿದರೆ ಹೆಚ್ಚು. ಹೆಚ್ಚು ಬಂದ ಹೊಲಕ್ಕೆ ಎಷ್ಟು ಇಳಿಸಬಹುದು ಎಂದು ಅಲ್ಲಿಯೇ ಕೃಷಿ ಅಧಿಕಾರಿಯನ್ನು ಕೇಳಿ, ಆಮೇಲೆ ಗೊಬ್ಬರದ ಅಂಗಡಿಗೆ ಹೋಗಿ.