ಹತ್ತು ಮೋಟಾರು, ಒಂದು ಟಿಸಿ: ಯಂತ್ರಗಳು ಹೊಂದಿಕೊಂಡು ಬಾಳುವ ಪಾಠ



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬರುವ ನಿಮ್ಮಲ್ಲಿ ಹಲವರ ಮನೆಯಲ್ಲಿ ಕೊಳವೆಬಾವಿ ಇದೆ. ಮೋಟಾರಿನ ಪೆಟ್ಟಿಗೆಯೊಳಗೆ ಆಟೋ ಸ್ಟಾರ್ಟರ್ ಇರುವುದೂ ನಿಮಗೆ ಗೊತ್ತು. ತ್ರೀ ಫೇಸ್ ಕರೆಂಟು ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಮೋಟಾರು ತಾನಾಗಿಯೇ ಚಾಲೂ ಆಗುತ್ತದೆ. ಕತ್ತಲಲ್ಲಿ, ಹಾವು ಹರಿದಾಡುವ ಬದುವಿನ ಮೇಲೆ, ಒದ್ದೆ ಕಾಲಲ್ಲಿ ಅಪ್ಪ ತೋಟಕ್ಕೆ ಹೋಗುವುದು ತಪ್ಪುತ್ತದೆ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಆದರೆ ಮನೆಯಲ್ಲಿ ಕುಳಿತೇ ಮೋಟಾರು ಹಾಕಬಹುದು, ನಿಲ್ಲಿಸಬಹುದು. ಈ ಪುಟ್ಟ ಪೆಟ್ಟಿಗೆಯನ್ನು ಹಿಡಿದುಕೊಂಡು ಕಂಪ್ಯೂಟರ್ ವಿಜ್ಞಾನದ ಒಂದು ದೊಡ್ಡ ವಿಷಯವನ್ನು ಈ ಸಂಚಿಕೆಯಲ್ಲಿ ಓದೋಣ. ಅದರ ಹೆಸರು ಬಹು-ಏಜೆಂಟ್ ವ್ಯವಸ್ಥೆ.

ಮೊದಲು ಪದಗಳ ಅರ್ಥ

1991ರಲ್ಲಿ ಅಮೆರಿಕದ ಮಾರ್ಕ್ ವೈಸರ್ ಎಂಬ ವಿಜ್ಞಾನಿ ಒಂದು ಲೇಖನ ಬರೆದರು. ಮುಂದೆ ಕಂಪ್ಯೂಟರು ಮೇಜಿನ ಮೇಲಿನ ಪೆಟ್ಟಿಗೆಯಾಗಿ ಉಳಿಯುವುದಿಲ್ಲ, ಗೋಡೆ, ದೀಪ, ಬಾಗಿಲುಗಳಲ್ಲಿ ಬೆರೆತುಹೋಗಿ ನಮ್ಮ ಗಮನಕ್ಕೇ ಬಾರದಂತೆ ಕೆಲಸ ಮಾಡುತ್ತದೆ ಎಂಬುದು ಅವರ ವಾದ. ಹೀಗೆ ಸುತ್ತಲಿನ ವಸ್ತುಗಳೇ ನಮ್ಮ ಅಗತ್ಯವನ್ನು ಅರಿತು ನಡೆದುಕೊಳ್ಳುವುದಕ್ಕೆ ಆಂಬಿಯೆಂಟ್ ಇಂಟೆಲಿಜೆನ್ಸ್ ಎಂಬ ಹೆಸರು ಬಂತು. ನಾವು ‘ಪರಿಸರ ಜಾಣ್ಮೆ’ ಎನ್ನೋಣ.

ಇನ್ನು ಏಜೆಂಟ್. ಇಲ್ಲಿ ಏಜೆಂಟ್ ಎಂದರೆ ವಿಮೆ ಮಾಡಿಸುವವರಲ್ಲ. ತಾನೇ ನೋಡಿ, ತಾನೇ ತೀರ್ಮಾನಿಸಿ, ತಾನೇ ಕೆಲಸ ಮಾಡುವ ಒಂದು ಪ್ರೋಗ್ರಾಂ ಅಥವಾ ಯಂತ್ರ. ಮೈಕೆಲ್ ವೂಲ್ಡ್ರಿಜ್ ಮತ್ತು ನಿಕೊಲಸ್ ಜೆನ್ನಿಂಗ್ಸ್ 1995ರಲ್ಲಿ ಏಜೆಂಟಿಗೆ ನಾಲ್ಕು ಗುಣಗಳನ್ನು ಹೇಳಿದರು: ಯಾರೂ ಪ್ರತಿ ಸಲ ಹೇಳದೆಯೇ ಕೆಲಸ ಮಾಡುವುದು, ಸುತ್ತಲಿನ ಬದಲಾವಣೆಗೆ ಸ್ಪಂದಿಸುವುದು, ಒಂದು ಗುರಿಯಿಟ್ಟು ಮುಂದಾಗಿ ನಡೆಯುವುದು, ಇತರ ಏಜೆಂಟುಗಳ ಜೊತೆ ವ್ಯವಹರಿಸುವುದು. ಇಂಥ ಹಲವು ಏಜೆಂಟುಗಳು ಒಂದೆಡೆ ಸೇರಿದರೆ ಅದು ಬಹು-ಏಜೆಂಟ್ ವ್ಯವಸ್ಥೆ.

ನಮ್ಮ ಆಟೋ ಸ್ಟಾರ್ಟರನ್ನು ಈ ಅಳತೆಗೋಲಿನಿಂದ ನೋಡಿ. ಯಾರೂ ಹೇಳದೆ ಕೆಲಸ ಮಾಡುತ್ತದೆ. ಕರೆಂಟು ಬಂದದ್ದನ್ನು ಗುರುತಿಸುತ್ತದೆ. ಆದರೆ ನಾಲ್ಕನೆಯ ಗುಣ ಅದಕ್ಕಿಲ್ಲ. ಪಕ್ಕದ ತೋಟದಲ್ಲೂ ತನ್ನಂಥದೇ ಒಂದು ಪೆಟ್ಟಿಗೆ ಇದೆ ಎಂಬುದೇ ಅದಕ್ಕೆ ತಿಳಿಯದು. ತೊಂದರೆ ಹುಟ್ಟುವುದು ಇಲ್ಲಿ.

ಆ ಮೊದಲ ಐದು ಸೆಕೆಂಡು

ಒಂದು ಲೆಕ್ಕ ಮಾಡೋಣ. 100 ಕೆವಿಎ ಸಾಮರ್ಥ್ಯದ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಅದರ ಕೆಳಗೆ ಏಳೂವರೆ ಎಚ್‌ಪಿಯ ಹತ್ತು ಮೋಟಾರು. ಓಡುತ್ತಿರುವ ಒಂದೊಂದು ಮೋಟಾರು ಸುಮಾರು 8 ಕೆವಿಎ ಎಳೆಯುತ್ತದೆ ಎಂದುಕೊಳ್ಳಿ. ಹತ್ತಕ್ಕೆ 80. ಟಿಸಿಗೆ ಇದು ಭಾರವಲ್ಲ.

ಆದರೆ ನಿಂತಿರುವ ಮೋಟಾರು ನೇರವಾಗಿ ಚಾಲೂ ಆಗುವಾಗ, ವೇಗ ಹಿಡಿಯುವವರೆಗಿನ ಕೆಲವು ಸೆಕೆಂಡು, ಓಡುವಾಗಿನ ಐದಾರು ಪಟ್ಟು ವಿದ್ಯುತ್ ಪ್ರವಾಹವನ್ನು ಎಳೆಯುತ್ತದೆ. ಆರು ಪಟ್ಟು ಎಂದರೆ ಒಂದಕ್ಕೆ 48 ಕೆವಿಎ. ರಾತ್ರಿ ಕರೆಂಟು ಬಂದ ಕ್ಷಣ ಹತ್ತೂ ಆಟೋ ಸ್ಟಾರ್ಟರ್‌ಗಳು ಒಟ್ಟಿಗೆ ಎದ್ದರೆ 480 ಕೆವಿಎ! ಟಿಸಿಯ ಸಾಮರ್ಥ್ಯದ ಸುಮಾರು ಐದು ಪಟ್ಟು.

ಆಗ ವೋಲ್ಟೇಜು ಕುಸಿಯುತ್ತದೆ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೋಲ್ಟೇಜು ಶೇ 70ಕ್ಕೆ ಇಳಿದರೆ ಬಲ ಶೇ 49ಕ್ಕೆ ಇಳಿಯುತ್ತದೆ. ಅರ್ಧ ಬಲದಲ್ಲಿ ಆಳದ ನೀರನ್ನು ಎತ್ತಲಾಗದೆ ಮೋಟಾರು ತಿಣುಕುತ್ತದೆ. ವೇಗ ಹಿಡಿಯದಿದ್ದಷ್ಟು ಹೊತ್ತೂ ಹೆಚ್ಚಿನ ಪ್ರವಾಹವನ್ನೇ ಎಳೆಯುತ್ತಿರುತ್ತದೆ. ಸುರುಳಿ ಬಿಸಿಯಾಗುತ್ತದೆ, ಫ್ಯೂಸು ಹೋಗುತ್ತದೆ, ಕೆಲವೊಮ್ಮೆ ಮೋಟಾರೋ ಟಿಸಿಯೋ ಸುಟ್ಟೇ ಹೋಗುತ್ತದೆ. ಟಿಸಿ ಬದಲಾಗುವವರೆಗೆ ಹತ್ತೂ ತೋಟ ಒಣಗುತ್ತವೆ.

ತೆಲಂಗಾಣ ಸರ್ಕಾರ 2018ರ ಜನವರಿ 1ರಿಂದ ಕೃಷಿಗೆ 24 ಗಂಟೆ ವಿದ್ಯುತ್ ಕೊಡಲು ಹೊರಟಾಗ, ಆಟೋ ಸ್ಟಾರ್ಟರ್‌ಗಳನ್ನು ತೆಗೆದುಹಾಕಿ ಎಂದು ರೈತರನ್ನು ಕೇಳಿಕೊಂಡಿತ್ತು. ಹೊತ್ತುಗೊತ್ತಿಲ್ಲದೆ ಓಡುವ ಮೋಟಾರುಗಳಿಂದ ಅಂತರ್ಜಲಕ್ಕೂ ಪೆಟ್ಟು ಎಂಬ ಆತಂಕ ಅದರ ಹಿಂದಿತ್ತು. ಪೆಟ್ಟಿಗೆಯನ್ನು ಕಿತ್ತುಹಾಕುವುದು ಒಂದು ದಾರಿ. ಅದಕ್ಕೆ ನಡತೆ ಕಲಿಸುವುದು ಇನ್ನೊಂದು ದಾರಿ.

ಮಾತಿಲ್ಲದೆಯೂ ಹೊಂದಿಕೊಳ್ಳಬಹುದು

ಸುಲಭದ ಪಾಠ ಇದು: ಕರೆಂಟು ಬಂದ ಕೂಡಲೇ ಏಳಬೇಡ, ಚೀಟಿ ಎತ್ತಿದ ಹಾಗೆ ಒಂದು ಸಂಖ್ಯೆ ಆರಿಸಿಕೊಂಡು ಅಷ್ಟು ಹೊತ್ತು ಕಾಯಿ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಏಬ್ರಾಮ್‌ಸನ್ ಮತ್ತು ಸಂಗಡಿಗರು ‘ಅಲೋಹಾನೆಟ್’ ಎಂಬ ರೇಡಿಯೊ ಜಾಲ ನಡೆಸಿದರು. ಬೇರೆ ಬೇರೆ ದ್ವೀಪಗಳ ಕಂಪ್ಯೂಟರುಗಳು ಒಂದೇ ಅಲೆಯಲ್ಲಿ ಸಂದೇಶ ಕಳಿಸಿ ಡಿಕ್ಕಿಯಾದರೆ, ಪ್ರತಿಯೊಂದೂ ಗೊತ್ತುಗುರಿಯಿಲ್ಲದ ಒಂದು ಹೊತ್ತು ಕಾದು ಮತ್ತೆ ಕಳಿಸುತ್ತಿತ್ತು. ಮುಂದೆ ಈಥರ್‌ನೆಟ್ಟಿಗೂ ವೈಫೈಗೂ ಈ ಉಪಾಯವೇ ದಾರಿ ತೋರಿತು.

ನಮ್ಮ ಮೋಟಾರುಗಳಿಗೆ ಇದನ್ನು ಹಚ್ಚೋಣ. ಐದು ನಿಮಿಷವನ್ನು ಐದೈದು ಸೆಕೆಂಡಿನ 60 ಭಾಗ ಮಾಡಿ. ಪ್ರತಿ ಸ್ಟಾರ್ಟರ್ ಅದರಲ್ಲಿ ಒಂದನ್ನು ಆರಿಸಿಕೊಳ್ಳಲಿ. ಹತ್ತಕ್ಕೂ ಬೇರೆ ಬೇರೆ ಭಾಗ ಸಿಗುವ ಸಂಭವನೀಯತೆ ಎಷ್ಟು? 60 × 59 × 58 … × 51 ಅನ್ನು 60ರ ಹತ್ತನೆಯ ಘಾತದಿಂದ ಭಾಗಿಸಿ. ಸುಮಾರು 0.45 ಬರುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ರಾತ್ರಿ ಎಲ್ಲೋ ಎರಡು ಮೋಟಾರು ಒಟ್ಟಿಗೆ ಏಳುತ್ತವೆ. ಇದು ಹೆಚ್ಚೆನಿಸಿದರೂ ಹೆದರಬೇಕಿಲ್ಲ. ಎಂಟು ಓಡುತ್ತಿರುವಾಗ ಕೊನೆಯ ಎರಡು ಒಟ್ಟಿಗೆ ಎದ್ದರೂ 64 + 96 = 160 ಕೆವಿಎ, ಅದೂ ಕೆಲವೇ ಸೆಕೆಂಡು. 480ಕ್ಕೂ 160ಕ್ಕೂ ಇರುವ ಅಂತರವೇ ಟಿಸಿಯ ಆಯುಷ್ಯ.

ಇದಕ್ಕೆ ಇನ್ನೊಂದು ಸಣ್ಣ ನಿಯಮ ಸೇರಿಸಿ: ಏಳುವ ಮೊದಲು ವೋಲ್ಟೇಜು ನೋಡು, ಅದು ಕುಸಿದಿದ್ದರೆ ಪಕ್ಕದವನು ಏಳುತ್ತಿದ್ದಾನೆ ಎಂದರ್ಥ, ಕಾಯಿ. ಇದಕ್ಕೆ ಸಿಮ್ ಬೇಡ, ಇಂಟರ್ನೆಟ್ ಬೇಡ. ಎಲ್ಲರೂ ಬಳಸುವ ಆ ತಂತಿಯೇ ಸೂಚನಾ ಫಲಕವಾಗುತ್ತದೆ. ಬಾಯಿಬಿಟ್ಟು ಮಾತಾಡದೆ, ಸುತ್ತಲಿನ ಕುರುಹು ನೋಡಿ ನಡೆದುಕೊಳ್ಳುವುದೂ ಏಜೆಂಟುಗಳ ಒಂದು ಭಾಷೆ. ಇರುವೆಗಳು ದಾರಿಯಲ್ಲಿ ಬಿಟ್ಟ ವಾಸನೆ ಹಿಡಿದು ಸಾಲುಗಟ್ಟುವುದೂ ಹೀಗೆಯೇ.

ಮಾತಾಡಲೇಬೇಕಾದಾಗ

ಟಿಸಿ ಉಳಿಯಿತು. ನೀರು? ಒಂದು ಕೊಳವೆಬಾವಿಯಿಂದ ನೀರೆತ್ತಿದಾಗ ಅದರ ಸುತ್ತ ನೀರಿನ ಮಟ್ಟ ಆಲಿಕೆಯಂತೆ ಕೆಳಗಿಳಿಯುತ್ತದೆ. ಪಕ್ಕಪಕ್ಕದ ಬಾವಿಗಳ ಆಲಿಕೆಗಳು ಒಂದರೊಳಗೊಂದು ಸೇರಿದರೆ ಇಬ್ಬರಿಗೂ ನೀರು ಕಡಿಮೆ. ಎಲ್ಲರೂ ಒಟ್ಟಿಗೆ ಎತ್ತುವ ಬದಲು ಸರದಿಯ ಮೇಲೆ ಎತ್ತುವುದು ಮೇಲು. ಸರದಿಗೆ ಮಾತು ಬೇಕು.

ಅದಕ್ಕೊಂದು ಹಳೆಯ ವಿಧಾನವಿದೆ. 1980ರಲ್ಲಿ ರೀಡ್ ಸ್ಮಿತ್ ಎಂಬವರು ರೂಪಿಸಿದ ‘ಕಾಂಟ್ರಾಕ್ಟ್ ನೆಟ್’. ಇದು ಮಂಡಿಯಲ್ಲಿ ಮಾಲಿಗೆ ಟೆಂಡರು ಹಾಕಿದ ಹಾಗೆ. ಒಂದು ಏಜೆಂಟ್ ಕೆಲಸವನ್ನು ಸಾರುತ್ತದೆ, ಉಳಿದವು ತಮ್ಮ ತಮ್ಮ ಬೇಡಿಕೆ ಸಲ್ಲಿಸುತ್ತವೆ, ಸಾರಿದ್ದು ತೂಗಿ ನೋಡಿ ಒಂದಕ್ಕೆ ವಹಿಸುತ್ತದೆ. ಇಲ್ಲಿ ಪ್ರತಿ ತೋಟದ ಏಜೆಂಟ್ ಮಣ್ಣಿನ ತೇವ ಅಳೆದು, ‘ನನಗೆ ಇಷ್ಟು ನೀರು ಬೇಕು’ ಎನ್ನಬಹುದು. ಹೆಚ್ಚು ಒಣಗಿದ ತೋಟಕ್ಕೆ ಮೊದಲ ಸರದಿ.

ಸಾರುವ ಏಜೆಂಟೇ ಕೆಟ್ಟುಹೋದರೆ? ಜಮಾಅತ್ ನಮಾಜನ್ನು ನೆನೆಯಿರಿ. ಮಧ್ಯದಲ್ಲಿ ಇಮಾಮರ ವುಜೂ ಮುರಿದರೆ, ಅವರು ಹಿಂದಿನ ಸಾಲಿನಿಂದ ಒಬ್ಬರನ್ನು ಮುಂದಕ್ಕೆ ನಿಲ್ಲಿಸಿ ತಾವು ಸರಿಯುತ್ತಾರೆ, ನಮಾಜು ಮುಂದುವರಿಯುತ್ತದೆ. ತಿಳಿದವರು ಇಮಾಮರ ಹಿಂದೆಯೇ ನಿಲ್ಲಬೇಕೆಂದು ಹಿರಿಯರು ಹೇಳುವುದರಲ್ಲಿ ಈ ಮುಂದಾಲೋಚನೆಯೂ ಇದೆ. ಕಂಪ್ಯೂಟರುಗಳ ಜಾಲದಲ್ಲಿ ಇದಕ್ಕೆ ‘ನಾಯಕನ ಆಯ್ಕೆ’ ಎನ್ನುತ್ತಾರೆ. 1982ರಲ್ಲಿ ಹೆಕ್ಟರ್ ಗಾರ್ಸಿಯಾ-ಮೊಲಿನಾ ಬರೆದ ಒಂದು ವಿಧಾನದಲ್ಲಿ, ನಾಯಕ ಸದ್ದಡಗಿದನೆಂದು ತಿಳಿದ ಕೂಡಲೇ ಬದುಕಿರುವ ಏಜೆಂಟುಗಳಲ್ಲಿ ದೊಡ್ಡ ಕ್ರಮಸಂಖ್ಯೆಯದು ಆ ಸ್ಥಾನ ವಹಿಸಿಕೊಳ್ಳುತ್ತದೆ. ಒಬ್ಬನ ಮೇಲೆ ಎಲ್ಲವೂ ನಿಂತರೆ ಒಬ್ಬ ಬಿದ್ದಾಗ ಎಲ್ಲವೂ ಬೀಳುತ್ತದೆ. ಈ ವ್ಯವಸ್ಥೆಯ ಬಲವೇ ಹಾಗಾಗದಂತೆ ನೋಡಿಕೊಳ್ಳುವುದು.

ಬೆಟ್ಟದ ಮೇಲೂ ಅದೇ ಪಾಠ

ಈ ಪಾಠ ಮೋಟಾರಿಗಷ್ಟೇ ಸೀಮಿತವಲ್ಲ. ಚಿತ್ರದುರ್ಗದ ಜೋಗಿಮಟ್ಟಿ ಸುತ್ತಲಿನ ಬೆಟ್ಟಸಾಲಿನ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಗಾಳಿ ಬೀಸುವ ದಿಕ್ಕು ಅಳೆದು ಮುಖ ತಿರುಗಿಸುವುದು, ಬಿರುಗಾಳಿ ಎದ್ದರೆ ರೆಕ್ಕೆಯ ಕೋನ ಬದಲಿಸಿ ನಿಲ್ಲುವುದು, ಇದನ್ನೆಲ್ಲ ಅದರೊಳಗಿನ ಕಂಪ್ಯೂಟರೇ ಮಾಡುತ್ತದೆ. ಆದರೆ ಮುಂದಿನ ಯಂತ್ರ ಗಾಳಿಯ ಬಲವನ್ನು ಹೀರಿಕೊಂಡಾಗ, ನೇರ ಹಿಂದಿರುವ ಯಂತ್ರಕ್ಕೆ ಸೊರಗಿದ ಗಾಳಿ ತಲುಪುತ್ತದೆ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ, ವೇಗ ಶೇ 10ರಷ್ಟು ಇಳಿದರೆ ಶಕ್ತಿ ಶೇ 27ರಷ್ಟು ಇಳಿಯುತ್ತದೆ. ಮುಂದಿನ ಯಂತ್ರ ತನ್ನ ಮುಖವನ್ನು ತುಸು ಓರೆ ಮಾಡಿದರೆ ಆ ಸೊರಗಿದ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಸ್ವಲ್ಪ ನಷ್ಟ, ಇಡೀ ಸಾಲಿಗೆ ಲಾಭ. ಜಗತ್ತಿನ ಹಲವೆಡೆ ಎಂಜಿನಿಯರುಗಳು ಇದನ್ನು ಪರೀಕ್ಷಿಸುತ್ತಿದ್ದಾರೆ. ಪ್ರತಿಯೊಬ್ಬನೂ ತನಗೆ ಸಿಕ್ಕಷ್ಟೂ ಎಳೆದುಕೊಂಡರೆ ಒಟ್ಟು ಮೊತ್ತ ಹೆಚ್ಚುತ್ತದೆ ಎಂಬುದು ತಪ್ಪು ಲೆಕ್ಕ.

ನಿಯಮ ಬರೆಯುವವರು ಯಾರು?

ಈಗ ಕಷ್ಟದ ಪ್ರಶ್ನೆ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ, ಅಂದರೆ 420 ನಿಮಿಷ ತ್ರೀ ಫೇಸ್ ಕರೆಂಟು. ಹತ್ತರಲ್ಲಿ ಒಮ್ಮೆಗೆ ಐದು ಮೋಟಾರು ಮಾತ್ರ ಓಡಲಿ ಎಂದರೆ ಒಟ್ಟು 2100 ಮೋಟಾರು-ನಿಮಿಷ. ಮನೆಗೆ ಸಮ ಎಂದರೆ ತಲಾ 210 ನಿಮಿಷ. ಎಕರೆಗೆ ಸಮ ಎಂದರೆ? ಎಂಟು ಮನೆಗಳಿಗೆ ಎರಡೂವರೆ ಎಕರೆ, ಎರಡು ಮನೆಗಳಿಗೆ ಐದೈದು ಎಕರೆ ಇದ್ದರೆ, ಸಣ್ಣವರಿಗೆ 175 ನಿಮಿಷ, ದೊಡ್ಡವರಿಗೆ 350. ಅಗತ್ಯಕ್ಕೆ ತಕ್ಕಂತೆ ಎಂದರೆ, ನೀರು ಹೆಚ್ಚು ಬೇಡುವ ಅಡಿಕೆಗೆ ಬಹುಪಾಲು ಹೋಗಿ, ಕಡಿಮೆ ನೀರಲ್ಲಿ ಬೆಳೆಯುವ ಶೇಂಗಾದವರು ಹಿಂದುಳಿಯಬಹುದು. ಮೂರೂ ‘ನ್ಯಾಯ’ವೇ. ಯಾವುದನ್ನು ಆರಿಸಬೇಕೆಂದು ಯಂತ್ರ ಹೇಳಲಾರದು.

ಇನ್ನೊಂದು ಅಪಾಯವೂ ಇದೆ. ಬೇಡಿಕೆ ಹೆಚ್ಚು ಹೇಳಿದವರಿಗೆ ಮೊದಲ ಸರದಿ ಎಂದಾದರೆ, ತೇವದ ಸಂವೇದಕವನ್ನು ಒಣ ಮಣ್ಣಿನಲ್ಲಿ ಹೂತಿಟ್ಟು ಸುಳ್ಳು ಹೇಳಿಸಬಹುದು. ಆದ್ದರಿಂದ ನಿನ್ನೆ ಯಾರು ಎಷ್ಟು ಪಡೆದರು ಎಂಬ ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು. ಕೂಡಿ ಬಳಸುವ ನೀರು ಅಮಾನತ್. ಅದನ್ನು ಕಾಯುವ ಮೊದಲ ಬೀಗ ಪ್ರಾಮಾಣಿಕತೆ, ಎರಡನೆಯದು ತೆರೆದ ಲೆಕ್ಕ.

ನಮ್ಮ ಬಯಲುಸೀಮೆಗೆ ಇದು ಹೊಸ ವಿಚಾರವೇನಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಸೀಮೆಯಲ್ಲಿ ಕೆರೆಯ ತೂಬು ಎತ್ತಿ, ಸರದಿ ನೋಡಿ ಗದ್ದೆಗೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ನಿಯಮ ಊರಿನದು, ನಡೆಸುವುದಷ್ಟೇ ಅವನ ಕೆಲಸ. ನಾಳೆ ನಿಮ್ಮಲ್ಲಿ ಒಬ್ಬರು ಬರೆಯುವ ಪ್ರೋಗ್ರಾಂ ಆ ನೀರುಗಂಟಿಯ ಜಾಗದಲ್ಲಿ ನಿಲ್ಲಬಹುದು. ಕೋಡ್ ಬರೆಯುವ ಮೊದಲು ಆ ಹತ್ತು ಮನೆಯವರನ್ನೂ ಕೂರಿಸಿ ಮಾತಾಡಿಸಿ. ನಿಯಮ ಅಲ್ಲಿಂದ ಬರಲಿ.

ಮಾಡಿ ನೋಡಿ

1. ಹತ್ತು ಜನ ಸೇರಿ. 1ರಿಂದ 60ರವರೆಗೆ ಬರೆದ ಚೀಟಿಗಳಿಂದ ಪ್ರತಿಯೊಬ್ಬರೂ ಒಂದನ್ನು ಎತ್ತಿ, ಬರೆದುಕೊಂಡು, ಡಬ್ಬಿಗೆ ಮರಳಿ ಹಾಕಿ. ಹೀಗೆ 20 ಸುತ್ತು ಆಡಿ. ಎಷ್ಟು ಸುತ್ತಿನಲ್ಲಿ ಇಬ್ಬರಿಗೆ ಒಂದೇ ಸಂಖ್ಯೆ ಬಂತು? ಸುಮಾರು 11ರ ಹತ್ತಿರ ಬರಬೇಕು.

2. ಚೀಟಿಗಳನ್ನು 120ಕ್ಕೆ ಏರಿಸಿದರೆ ಸಂಭವನೀಯತೆ ಹೇಗೆ ಬದಲಾಗುತ್ತದೆ? ಲೆಕ್ಕ ಹಾಕಿ.

3. ನಿಮ್ಮೂರಿನ ಟಿಸಿಯ ಮೇಲೆ ಬರೆದಿರುವ ಕೆವಿಎ ಸಂಖ್ಯೆಯನ್ನು ದೂರದಿಂದಲೇ ಓದಿಕೊಳ್ಳಿ. ಬೇಲಿ ದಾಟಬೇಡಿ. ಅದರ ಕೆಳಗಿನ ಮೋಟಾರುಗಳನ್ನು ಮನೆಯವರನ್ನು ಕೇಳಿ ಎಣಿಸಿ, ಮೇಲಿನ ಲೆಕ್ಕವನ್ನು ನಿಮ್ಮೂರಿಗೆ ಮಾಡಿ.

4. ಸಮ ಸರದಿ, ಎಕರೆ ಸರದಿ, ಅಗತ್ಯದ ಸರದಿ: ಮೂರರಲ್ಲಿ ನಿಮ್ಮ ಆಯ್ಕೆ ಯಾವುದು, ಏಕೆ? ಒಂದು ಪುಟದಲ್ಲಿ ಬರೆದು ವಿಭಾಗಕ್ಕೆ ತಂದುಕೊಡಿ. ಒಳ್ಳೆಯ ಉತ್ತರಗಳನ್ನು ತರಗತಿಯಲ್ಲಿ ಓದಿ ಚರ್ಚಿಸೋಣ.